ಸಭಾಪಾಲಕರ ತೋಳಿಗೆ ಕೆಂಪು ಬಾಣ

ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಹೊಲಿಗೆಯ ದೋಷ ಹುಡುಕುವುದು ಚೆಕ್ಕರಣ್ಣನವರ ಕಸುಬು. ದಾರ ಬಿಟ್ಟ ಕಡೆಯಲ್ಲೆಲ್ಲ ಕೆಂಪು ಬಾಣದ ಚೀಟಿ ಅಂಟಿಸಿ ಅಂಟಿಸಿ ಇಪ್ಪತ್ತೆರಡು ವರ್ಷ ಸವೆದಿದ್ದವು. ಕಸುಬು ಕೈಗೆ ಮಾತ್ರ ಹತ್ತಿದ್ದರೆ ಚಿಂತೆಯಿರಲಿಲ್ಲ. ಅದು ಆತ್ಮಕ್ಕೂ ಹತ್ತಿತ್ತು.

ಹೊಸ ಊರಿಗೆ ವರ್ಗವಾಗಿ ಬಂದ ಐದು ತಿಂಗಳಲ್ಲಿ ಗಂಡ ಹೆಂಡತಿ ಸೇರಿಕೊಳ್ಳಲೆಂದು ಏಳು ಕ್ರೈಸ್ತ ಸಭೆಗಳನ್ನು ನೋಡಿದ್ದರು. ಒಂದರಲ್ಲಿ ಕೂಸುಗಳಿಗೆ ದೀಕ್ಷಾಸ್ನಾನ ಕೊಟ್ಟರು. ನಂಬಿಕೆಯನ್ನು ಬಾಯಾರೆ ಅರಿಕೆಮಾಡದವರಿಗೆ ಅದು ಸಲ್ಲದೆಂದು ಇವರು ಎದ್ದುಬಂದರು. ಇನ್ನೊಂದರಲ್ಲಿ ಪ್ರಸಂಗವು ಸತ್ಯವೇದದಿಂದ ಹೊರಟು, ಪ್ರಸಂಗಿಯ ಮೂಲವ್ಯಾಧಿಯನ್ನು ತಲುಪಿ, ಅಲ್ಲೇ ಬೀಡುಬಿಟ್ಟಿತು.

"ನಿಮಗೊಪ್ಪೋ ಸಭೆ ಪರಲೋಕದಲ್ಲೇ ಕಣ್ರೀ," ಎಂದರು ಹೆಂಡತಿ. "ಅಲ್ಲೂ ಪೇತ್ರನ ಗಡ್ಡ ಎರಡೂ ಕಡೆ ಸಮ ಇದೆಯಾ ಅಂತ ನೋಡ್ತೀರ! ಕರ್ತನ ಭೋಜನ ತಗೊಂಡು ನನಗೆ ಐದು ತಿಂಗಳಾಯ್ತು. ಈ ಭಾನುವಾರವೂ ಎದ್ದುಬಂದ್ರೆ, ಮುಂದಿನ ವಾರದಿಂದ ನನ್ನ ದಾರಿ ನನಗೆ."

ಮೂವತ್ತು ವರ್ಷ ಒಂದೇ ಬೆಂಚಿನಲ್ಲಿ ಜೊತೆಗೆ ಕುಳಿತವರು, ಈಗ ಬೇರೆ ಬೇರೆ ಸಭೆಯೇ!

ಎಂಟನೆಯದು ಗೋದಾಮಿನ ಮಹಡಿಯ ಮೇಲಿನ ಪುಟ್ಟ ಸಭೆ. ಸಭಾಪಾಲಕರು ಬಾಗಿಲಲ್ಲೇ ಕೈಕುಲುಕಿದರು. ಅವರ ನಿಲುವಂಗಿಯ ತೋಳಂಚು ಬಿಚ್ಚಿಕೊಂಡಿತ್ತು. ಚೆಕ್ಕರಣ್ಣನವರ ಎಡಗೈ ತನ್ನ ಪಾಡಿಗೆ ತಾನು ಜೇಬಿಗಿಳಿಯಿತು, ಬಾಣ ತೆಗೆಯಿತು, ಅಂಟಿಸಿತು. ಕೈಯ ಒಡೆಯರಿಗೇ ಅರಿವಿಲ್ಲ!

ಪ್ರಸಂಗದ ಉತ್ಸಾಹದಲ್ಲಿ ಪಾಲಕರು ತೋಳೆತ್ತಿದಾಗ ಸಭೆಯೆಲ್ಲ ಕಿಸಕ್ಕೆಂದಿತು.

"ಇದ್ಯಾರ ಕೆಲಸಾರೀ?" ಎಂದರು ಪಾಲಕರು, ತೋಳಿನ ಬಾಣ ನೋಡಿ.

ಹೆಂಡತಿ ಗಂಡನ ಪಕ್ಕೆ ತಿವಿದರು. "ಏಳಿ. ಮಾನ ಹೇಗೂ ಹೋಯ್ತು."

"ನನ್ನದೇ ಅಯ್ಯಾ... ಹೊಲಿಗೆ ಬಿಟ್ಟಿದೆ."

"ಅಂದ್ರೆ, ಈ ಮಾಲು ಎಸೆಯೋದಾ?"

"ಛೆ ಛೆ! ಎಸೆಯೋದಕ್ಕೆ ಬಾಣ ಯಾಕೆ? ಸರಿಮಾಡೋದಕ್ಕೇ ಬಾಣ."

"ಹಾಗಾದ್ರೆ ನನ್ನ ಹಣೆಗೂ ಒಂದು ಹಚ್ಚಿ. ಕರ್ತನಿಗೆ ಹುಡುಕೋ ಶ್ರಮ ತಪ್ಪುತ್ತೆ!"

ಸಭೆ ಗೊಳ್ಳೆಂದಿತು. ಕೃಪೆಯ ಪಾಠ ಹೀಗೂ ನಡೆಯುತ್ತದೆ, ಕರ್ತನಿಗೆ ಸ್ತೋತ್ರ.

ಪ್ರಸಂಗವೇನೋ ಮುಗಿಯಿತು, ಮುಕ್ಕಾಲು ಗಂಟೆಯ ನಂತರ. ಬಳಿಕ ರೊಟ್ಟಿ, ದ್ರಾಕ್ಷಾರಸಗಳನ್ನು ಮೇಜಿನ ಮೇಲಿಟ್ಟು ಪಾಲಕರು ಕರ್ತನ ಭೋಜನಕ್ಕೆ ಎಲ್ಲರನ್ನೂ ಕರೆದರು. ಹೆಂಡತಿ ಗಂಡನನ್ನೇ ದಿಟ್ಟಿಸಿದರು. ಚೆಕ್ಕರಣ್ಣನವರಿಗೆ ತಡೆಯಲಾಗಲಿಲ್ಲ.

"ಅಯ್ಯಾ, ಕೂಸುಗಳಿಗೆ ದೀಕ್ಷಾಸ್ನಾನ ಕೊಡ್ತೀರಾ?"

"ಇಲ್ಲಾ!" ಎಂದಿತು ಇಡೀ ಸಭೆ.

"ಪ್ರಸಂಗ ಯಾವಾಗಲೂ ಇಷ್ಟುದ್ದನಾ?"

"ಹೌದೂ!" ಎಂದು ನರಳಿತು ಅದೇ ಸಭೆ.

ಚೆಕ್ಕರಣ್ಣನವರು ಒಮ್ಮೆ ಬಾಗಿಲತ್ತ ನೋಡಿದರು, ಒಮ್ಮೆ ಹೆಂಡತಿಯ ಕಣ್ಣುಗಳತ್ತ. ಮರುಗಳಿಗೆ ಮೇಜಿನೆಡೆಗೆ ಎಷ್ಟು ರಭಸದಿಂದ ನಡೆದರೆಂದರೆ, ಆಕೆ ಅಂಗಿ ಹಿಡಿದು ಜಗ್ಗಬೇಕಾಯಿತು.

"ಮೆಲ್ಲಗೆ ರೀ! ಎಲ್ಲರಿಗೂ ಆಗೋಷ್ಟಿದೆ."