ಪರದೆಯ ಮೇಲೆ ಮಗಳ ರಕ್ತ

ಯಂತ್ರಕ್ಕೆ ಹೆದರುವವಳಲ್ಲ ನಾನು. ಪಾಂಡವಪುರದ ನಮ್ಮ ಲ್ಯಾಬಿಗೆ ಸೂಕ್ಷ್ಮದರ್ಶಕಕ್ಕೆ ಕ್ಯಾಮೆರಾ ಜೋಡಿಸಿದ ಹೊಸ ಯಂತ್ರ ಬಂದಾಗ ಕಲಿಯಲು ಮುಂದೆ ಬಿದ್ದವಳೂ ನಾನೇ. ಗಾಜಿನ ಮೇಲೆ ಸವರಿದ ರಕ್ತದ ಫೋಟೊ ತೆಗೆದು, ಕಂಪ್ಯೂಟರು ಒಂದೊಂದು ಕಣದ ಗಾತ್ರ, ಬಣ್ಣ, ದುಂಡುತನ ಅಳೆಯುತ್ತದೆ. ಆಕಾರ ಕೆಟ್ಟ ಕಣದ ಸುತ್ತ ಹಳದಿ ಚೌಕ ಹಾಕುತ್ತದೆ. ಊರವರ ರಕ್ತವನ್ನೆಲ್ಲ ಟೀ ಕುಡಿಯುತ್ತಲೇ ನೋಡುತ್ತಿದ್ದೆ.

ಆ ಬೇಸಿಗೆಯಲ್ಲಿ ಮಗಳಿಗೆ ಬಿಟ್ಟು ಬಿಟ್ಟು ಜ್ವರ. ಮುಖ ಬಿಳಿಚಿಕೊಂಡಿತ್ತು. ಒಂದು ಬೆಳಿಗ್ಗೆ ಅರಕೆರೆಯ ಮನೆಯಲ್ಲೇ ರಕ್ತ ತೆಗೆದು, ಕೊಳವೆಯನ್ನು ಅಡುಗೆಮನೆಯಲ್ಲಿಟ್ಟು ಸ್ನಾನಕ್ಕೆ ಹೋದೆ. ಹೊರಡುವಾಗ ಅತ್ತೆ ಅದನ್ನು ಬಟ್ಟೆಯಲ್ಲಿ ಸುತ್ತಿ ಬ್ಯಾಗಿಗೆ ಹಾಕಿದರು.

ಲ್ಯಾಬಿನಲ್ಲಿ ಪರದೆಯ ತುಂಬ ಹಳದಿ ಚೌಕಗಳು. ಕಣಗಳು ಚೂರುಚೂರಾಗಿದ್ದವು. ಉಳಿದವು ಬಣ್ಣ ಕಳೆದುಕೊಂಡು ಬರೀ ನೆರಳಾಗಿದ್ದವು. ಇಂಥ ರಕ್ತದ ಮಕ್ಕಳನ್ನು ಮೈಸೂರಿನ ಆಸ್ಪತ್ರೆಗೆ ಕಳಿಸಿದ್ದು ಗೊತ್ತು, ಎಲ್ಲರೂ ವಾಪಸು ಬಂದರೋ ಇಲ್ಲವೋ ಗೊತ್ತಿಲ್ಲ. ಬೇರೆ ಯಾರ ಮಗುವಿನದಾದರೂ ಆಗಿರಲಿ ದೇವರೇ ಎಂದು ಬೇಡಿಕೊಂಡು ಕೊಳವೆಯ ಚೀಟಿ ನೋಡಿದೆ. ನನ್ನದೇ ಅಕ್ಷರ, ಮಗಳದೇ ಹೆಸರು.

ಅತ್ತೆಗೆ ಫೋನ್ ಮಾಡಿ, ಮಗುವನ್ನು ತಕ್ಷಣ ಕರೆತನ್ನಿ, ರಕ್ತದಲ್ಲಿ ಏನೋ ತೊಂದರೆ ಕಾಣುತ್ತಿದೆ ಎಂದೆ.

"ತೊಂದ್ರೆ ಎಂಗಾದದವ್ವ? ನೀನು ನೀರು ಉಯ್ಕೊಂಡು ಒರಡೋಗಂಟ ಫ್ರಿಜ್ಜಿನ ಐಸ್ ಬಾಕ್ಸಲ್ಲೇ ಮಡಗಿದ್ನಲ್ಲ. ಈ ಬಿಸ್ಲಿಗೆ ಆಲೇ ತಡೆಯಲ್ಲ, ಇನ್ನು ರಕ್ತ ತಡೆದದಾ?"

ಡೇರಿಗೆ ಹಾಲು ಹಾಕಿಯೇ ಸಂಸಾರ ತೂಗಿಸಿದ ಹೆಂಗಸು. ಕೆಡುವ ವಸ್ತುವನ್ನು ಕಾಪಾಡುವುದು ಅವರಿಗೆ ಹುಟ್ಟುಗುಣ. ಐಸಿನಂತೆ ಗಟ್ಟಿಯಾಗಿ ಮತ್ತೆ ಕರಗಿದ ರಕ್ತದಲ್ಲಿ ಕಣ ಒಡೆಯುತ್ತದೆ ಎಂದು ಅವರಿಗೆ ಯಾರು ಹೇಳಿದ್ದರು? ಸಿಟ್ಟು ನೆತ್ತಿಗೇರಿತು, ಹಿಂದೆಯೇ ಭಯವೂ ಬಂತು. ಐಸಿನಿಂದ ಒಡೆದವೋ, ಮಗಳ ಮೈಯಲ್ಲಿ ಮೊದಲೇ ಒಡೆದಿದ್ದವೋ? ಅದನ್ನು ಯಂತ್ರ ಹೇಳುವುದಿಲ್ಲ.

ಅತ್ತೆ ಬಸ್ಸಿನಲ್ಲಿ ಮಗಳನ್ನು ಕರೆತಂದರು. ಸೂಜಿಯನ್ನು ಲ್ಯಾಬಿನ ಜೊತೆಯ ಹುಡುಗಿಗೆ ಕೊಟ್ಟೆ, ಅವಳೇ ಮತ್ತೆ ರಕ್ತ ತೆಗೆದಳು. ಗಾಜನ್ನು ಯಂತ್ರಕ್ಕಿಟ್ಟು ನಾನು ಕಣ್ಣು ಮುಚ್ಚಿಕೊಂಡೆ. ಪರದೆಯಲ್ಲಿ ಮೂಡಿದ ಚಿತ್ರ ಮೊದಲು ಕಂಡದ್ದು ಮಗಳಿಗೆ.

"ಎಲ್ಲಾ ದುಂಡಕವೆ ಕಣವ್ವ."

ನೋಡಿದೆ. ದುಂಡಗಿದ್ದವು. ಜ್ವರಕ್ಕೆ ಕಾರಣ ಏನೇ ಇರಲಿ, ನಾನು ಹೆದರಿದ್ದು ಅಲ್ಲಿರಲಿಲ್ಲ. ಅವಳನ್ನು ತಬ್ಬಿಕೊಂಡು ಅತ್ತುಬಿಟ್ಟೆ.

ಮೇಜಿನ ಮೇಲಿನ ಸ್ಟ್ಯಾಂಡಿನಲ್ಲಿ ಮುಂದಿನ ಕೊಳವೆ ಕಾಯುತ್ತಿತ್ತು. ಬೇರೆ ಯಾರದೋ ಮಗುವಿನದು. ಬೆಳಿಗ್ಗೆ ಬೇಡಿಕೊಂಡದ್ದು ನೆನಪಾಗಿ, ಅದನ್ನು ಮುಟ್ಟಲು ನನಗೆ ಧೈರ್ಯವಾಗಲಿಲ್ಲ.