ಕ್ಯಾಸೆಟ್ಟಿನಲ್ಲಿ ಹಿಡಿಯದ ನುಡಿ

ಮೊನ್ನೆ ಯರಗಟ್ಟಿಯಿಂದ ಜೋಳ ಬಂತು. ಬೈಲಹೊಂಗಲದಲ್ಲಿ ನನ್ನದೊಂದು ಸಣ್ಣ ರೊಟ್ಟಿ ಕೇಂದ್ರ. ಜೋಳ ಬಂದರೆ ಹಸನು ಮಾಡು, ಬೀಸಿಸು, ಬಡಿ, ಸುಡು. ಇದರಲ್ಲೇ ದಿನ ಮುಗಿಯುತ್ತದೆ. ಸೊಂಟ ಬಗ್ಗಿದರೆ ಏಳುವುದಿಲ್ಲ ಎನ್ನುತ್ತದೆ. ಈಗೆಲ್ಲ ಪ್ಲಾಸ್ಟಿಕ್ ಚೀಲಗಳೇ ಬರುವುದು. ಈ ಸಲ ವ್ಯಾಪಾರಿ ಯಾಕೋ ಹಳೆಯ ಗೋಣಿಚೀಲದಲ್ಲಿ ತುಂಬಿಸಿ ಕಳಿಸಿದ್ದ. ಬಾಯಿ ಬಿಚ್ಚಿದ್ದೇ ತಡ, ಸೆಣಬಿನ ಆ ಒಣ ವಾಸನೆ ಮೂಗಿಗೆ ಬಡಿಯಿತು. ಅಲ್ಲೇ ಕುಳಿತುಬಿಟ್ಟೆ. ಕಾಕಾರ ಕೋಣೆಯ ವಾಸನೆ ಅದು...

ಕಾಕಾ ಅಂದರೆ ರಕ್ತಸಂಬಂಧವೇನಲ್ಲ. ಅವರು ಹಾಡು ಬರೆದು, ರಾಗ ಹಾಕಿ, ತಾವೇ ರೆಕಾರ್ಡ್ ಮಾಡಿ ಕ್ಯಾಸೆಟ್ ಬಿಡುತ್ತಿದ್ದವರು. ಊರು ಹೂಲಿ. ಬೈಲಹೊಂಗಲದ ಬಸ್ ಸ್ಟ್ಯಾಂಡಿನ ಹಿಂದೆ ಗೊಬ್ಬರದ ಅಂಗಡಿಯ ಮೇಲೆ ಒಂದು ಕೋಣೆ ಹಿಡಿದು, ಸದ್ದು ಮಾರ್ದನಿಸಬಾರದೆಂದು ನಾಲ್ಕೂ ಗೋಡೆಗೆ ಗೋಣಿಚೀಲ ಬಡಿದಿದ್ದರು. ಅದೇ ಸ್ಟುಡಿಯೋ. ಹಾಡುವಾಗ ಫ್ಯಾನು ಬಂದ್, ಕಿಟಕಿ ಬಂದ್. ಹಿಮ್ಮೇಳಕ್ಕೆ ನಾನು ಮತ್ತು ನನ್ನ ಗೆಳತಿ ಬೆವರಿನಲ್ಲಿ ತೊಯ್ದು ನಿಲ್ಲುತ್ತಿದ್ದೆವು. ಎಲ್ಲ ವಾದ್ಯ, ಎಲ್ಲ ದನಿ ಒಟ್ಟಿಗೇ ಹಿಡಿಯಬೇಕು. ನಡುವೆ ಬಸ್ಸು ಹಾರ್ನ್ ಹೊಡೆಯಿತೋ, ಮತ್ತೆ ಮೊದಲಿನಿಂದ. ಚಾಲಕರನ್ನು ನಾವು ಬೈದಷ್ಟು ಯಾರೂ ಬೈದಿರಲಿಕ್ಕಿಲ್ಲ.

ನಮ್ಮ ಕಡೆ ಹಾಡು ಬರೆದವನು ಕಡೆಯ ನುಡಿಯಲ್ಲಿ, ಅಂದರೆ ಕೊನೆಯ ಚರಣದಲ್ಲಿ, ತನ್ನ ಊರು, ತನ್ನ ಹೆಸರು ಸೇರಿಸುವುದು ರೂಢಿ. ಭಜನೆಯಿರಲಿ, ಲಾವಣಿಯಿರಲಿ, ಈಗಿನ ಹುಡುಗರ ಡಿಜೆ ಹಾಡೇ ಇರಲಿ, ಹೆಸರು ಬಂತೆಂದರೆ ಹಾಡು ಮುಗಿಯಿತು ಎಂದರ್ಥ. ಕವಿಯ ಸಹಿ ಅದು. ಕಾಕಾ ಕೂಡ ಎಲ್ಲ ಹಾಡಿಗೂ ಅಂಥ ನುಡಿ ಬರೆಯುತ್ತಿದ್ದರು, ನಮ್ಮಿಂದ ಹಾಡಿಸಿ ತಾಲೀಮು ಮಾಡಿಸುತ್ತಿದ್ದರು. ಆದರೆ ರೆಕಾರ್ಡಿಂಗ್ ದಿನ ಕ್ಯಾಸೆಟ್ಟಿನ ಒಂದು ಮಗ್ಗಲು ತುಂಬುತ್ತ ಬಂದಿರುತ್ತಿತ್ತು. ಮುಖ್ಯ ಗಾಯಕ ಆಲಾಪ ಎಳೆದೆಳೆದು ಟೇಪು ತಿಂದಿರುತ್ತಿದ್ದ. ಆಗ ಕಾಕಾ ರೆಕಾರ್ಡರಿನ ಪಕ್ಕದಿಂದ ಮುಷ್ಟಿ ಕಟ್ಟಿ ತೋರಿಸುತ್ತಿದ್ದರು. ಕಡೆಯ ನುಡಿ ಬೇಡ, ನಿಲ್ಲಿಸಿ ಎಂದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ, ಎಳೆದವನು ಗಾಯಕ, ಕತ್ತರಿ ಬೀಳುವುದು ಕವಿಯ ಹೆಸರಿಗೆ. ನಾನು ಗೊಣಗಿದರೆ ನಗುತ್ತಿದ್ದರು. "ಬರದಾವನೂ ನಾನ, ಕ್ಯಾಸೆಟ್ ಮಾಡಾವನೂ ನಾನ. ಯಾರ ಮ್ಯಾಲ ಸಿಟ್ಟ ಮಾಡ್ಕೊಳ್ಲಿ ತಂಗಿ?"

ಹಾಗೇ ಕತ್ತರಿಸಿಕೊಂಡ ಹಾಡುಗಳಲ್ಲಿ ಒಂದು, ಮಗಳನ್ನು ಗಂಡನ ಮನೆಗೆ ಕಳಿಸುವ ಹಾಡು. 'ಹೊಸ್ತಿಲ ದಾಟೂ ಮಗಳ, ಹೊಳ್ಳಿ ನೋಡಬ್ಯಾಡ, ಹೊಳ್ಳಿದರ ಕಾಲು ಏಳಾಂಗಿಲ್ಲ...' ಬರೆದ ದಿನ ಅದನ್ನು ನಮಗೆ ಹೇಳಿಕೊಡಲು ಅವರಿಗೇ ಆಗಿರಲಿಲ್ಲ, ಹಾಳೆ ನಮ್ಮ ಕೈಗಿಟ್ಟು ಹೊರಗೆ ಹೋಗಿದ್ದರು. ಅವರ ಉಳಿದ ಹಾಡುಗಳು ಕ್ಯಾಸೆಟ್ಟಿನ ಜೊತೆಗೇ ಸವೆದುಹೋದವು. ಇದೊಂದು ಮಾತ್ರ ಕ್ಯಾಸೆಟ್ ಬಿಟ್ಟು ಹೆಂಗಸರ ಬಾಯಿ ಹತ್ತಿತು. ಸವದತ್ತಿಗೆ ಹೋಯಿತು, ಕಿತ್ತೂರಿಗೆ ಹೋಯಿತು. ಗೆಳತಿ ಮದುವೆಯಾಗಿ ರಾಮದುರ್ಗಕ್ಕೆ ಹೋದಾಗ ಅಲ್ಲಿಯ ಹೆಂಗಸರು ಅದನ್ನು ಅವಳಿಗೇ ಕಲಿಸಲು ಬಂದರಂತೆ.

ಆಮೇಲೆ ಸಿಡಿ ಬಂತು, ಅದರ ಹಿಂದೆ ಮೆಮರಿ ಕಾರ್ಡು. ಕಾಕಾರ ಧಂದೆ ಕುಸಿಯಿತು. ಯೂಟ್ಯೂಬ್ ಹುಡುಗರು ಒಮ್ಮೊಮ್ಮೆ ಬಂದು, "ಅಜ್ಜಾರ, ಒಂದೀಟು ಕುಣಿಯೂ ಹಂಗ ಬರೀರಿ" ಎನ್ನುತ್ತಿದ್ದರು. ಹೊಟ್ಟೆಪಾಡು, ಬರೆದು ಕೊಡುತ್ತಿದ್ದರು. ಅಷ್ಟರಲ್ಲಿ ದೊಡ್ಡ ಊರಿನ ಯಾವುದೋ ಕಂಪನಿ ಆ ಮದುವೆ ಹಾಡನ್ನು ಹೊಸದಾಗಿ ಹಾಡಿಸಿ ಬಿಟ್ಟಿತು. ಬರೆದವರ ಹೆಸರಿನ ಜಾಗದಲ್ಲಿ 'ಜನಪದ' ಎಂದಿತ್ತು. ಕಾಕಾ ಹಳೆಯ ಕ್ಯಾಸೆಟ್ ಹಿಡಿದು ಕೇಳಲು ಹೋದರು. ಅದರ ಮೇಲೆ ಮಾರಾಟಕ್ಕೆಂದು ಹಾಕಿದ್ದು ಗಾಯಕನ ಹೆಸರೊಂದೇ. ಅಲ್ಲಿಯವರು ಕ್ಯಾಸೆಟ್ ಹಾಕಿಸಿ ಕೇಳಿ, "ನಿಮ್ಮ ಕಡೆ ಕೊನೆಯಲ್ಲಿ ಹೆಸರು ಬರುತ್ತದಲ್ಲ, ಇದರಲ್ಲಿ ಎಲ್ಲಿದೆ?" ಎಂದರಂತೆ. ಇರಲಿಲ್ಲ. ಕತ್ತರಿಸಿದವರು ಇವರೇ.

ಹೊಳ್ಳಿ ಬಂದವರು ನೆಟ್ಟಗೆ ನಮ್ಮ ಮನೆಗೇ ಬಂದರು. ನೀರು ಕುಡಿದರು. "ತಂಗಿ, ನಿನಗ ಆ ನುಡಿ ಬರತೈತಲ್ಲ? ಮದುವಿಗೆ ಹ್ವಾದಾಗ ಹಚ್ಚಿ ಹಾಡು. ಬಾಯಿಂದ ಬಾಯಿಗೆ ಹೋಗಲಿ. ಆ ಒಂದು ಹಾಡಿನ್ಯಾಗರ ನನ್ನ ಹೆಸರ ಇರಲಿ" ಎಂದರು. ಅಷ್ಟು ವರ್ಷಗಳಲ್ಲಿ ಅವರು ನನ್ನನ್ನು ಬೇಡಿದ್ದು ಅದೊಂದೇ. ನನಗೆ ಅಳು ಬಂತು.

ದೊಡವಾಡದಲ್ಲಿ ಒಂದು ಮದುವೆ, ಇಬ್ಬರಿಗೂ ಪರಿಚಯದ ಮನೆ. ಮಗಳನ್ನು ಕಳಿಸುವ ಹೊತ್ತಿಗೆ ಹೆಂಗಸರು ಆ ಹಾಡು ಎತ್ತಿದರು. ಕಾಕಾ ಚಪ್ಪರದ ಆ ಬದಿಗೆ ಗಂಡಸರ ನಡುವೆ ಚಹಾ ಹಿಡಿದು ಕುಳಿತಿದ್ದರು. ಎಲ್ಲರೂ ನಿಲ್ಲಿಸಿದಲ್ಲಿ ನಾನು ನಿಲ್ಲಿಸದೆ ಕಡೆಯ ನುಡಿ ಹಿಡಿದೆ. ಹೂಲಿಯೆಂದೆ, ಹೆಸರೂ ಹೇಳಿದೆ. ಮುಂದೆ ಕುಳಿತಿದ್ದ ಮುದುಕಿಯೊಬ್ಬಳು ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನತ್ತ ತಿರುಗಿದಳು.

"ಅದ್ಯಾರ ಹೆಸರವಾ? ಈ ಹಾಡ ನಮ್ಮತ್ತಿ ಹಾಡತಿದ್ಲು. ಅದರಾಗ ಯಾರ್‍ದರ ಹೆಸರ ಯಾಕ ತುರುಕ್ತಿ?"

"ಬರದವ್ರು ಅಲ್ಲೇ ಕುಂತಾರ ನೋಡ್ರಿ ಯವ್ವಾ" ಎಂದೆ, ಬಿಡದೆ.

ಚಪ್ಪರವೆಲ್ಲ ಆ ಕಡೆ ತಿರುಗಿತು. "ಹೌದೇನಪಾ? ನೀ ಬರದಿಯೇನು?" ಎಂದು ಮುದುಕಿ ಕೇಳಿದಳು. ಕಾಕಾ ಎದ್ದು ನಿಂತರು. ಚಹಾದ ಲೋಟ ಕೆಳಗಿಟ್ಟು ಅವಳ ಒದ್ದೆ ಮುಖ ನೋಡಿದರು.

"ಇಲ್ಲರಿ ಯವ್ವಾ. ನೀವು ಹೇಳೂದ ಖರೇ ಐತಿ. ಹಳೀ ಹಾಡರಿ ಇದು."

ಹೆಂಗಸರು ನನ್ನನ್ನು ನೋಡಿ ಮುಸಿಮುಸಿ ನಕ್ಕರು. ಮೈಯೆಲ್ಲ ಉರಿಯಿತು. ಬೈಲಹೊಂಗಲ ಬರುವವರೆಗೆ ಬಸ್ಸಿನಲ್ಲಿ ಅವರನ್ನು ಬಿಟ್ಟು ಬೇರೆ ಸೀಟಿನಲ್ಲಿ ಕುಳಿತೆ. ಇಳಿದ ಮೇಲೆ ತಡೆಯಲಾಗಲಿಲ್ಲ. "ಅಷ್ಟು ಮಂದ್ಯಾಗ ನನ್ನ ಸುಳ್ಳಿ ಮಾಡಿದ್ರಲ್ಲರಿ ಕಾಕಾ?"

"ತಪ್ಪ ನಂದ, ತಂಗಿ" ಎಂದರು. ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕುಳಿತರು. "ಆ ಯವ್ವ ತಮ್ಮತ್ತಿನ್ನ ನೆನಸ್ಕೊಂಡು ಅಳ್ಕೋತ ಹಾಡಾಕತ್ತಿದ್ಲು. ಅಕಿ ಅತ್ತಿನ್ನ ಕಸಗೊಂಡು ಅಲ್ಲಿ ನನ್ನ ಹೆಸರ ಇಡ್ಲೇನು? ಇನ್ನ ಆ ನುಡಿ ಹಚ್ಚಬ್ಯಾಡ ಬಿಡು. ನನಗೂ ಸಾಕಾಗೇತಿ."

ಎರಡು ಮಳೆಗಾಲದ ಹಿಂದೆ ಹೂಲಿಯಲ್ಲಿ ತೀರಿಕೊಂಡರು. ಮಣ್ಣಿಗೆ ಹೋಗಿದ್ದೆ. ಭಜನೆಯವರು ಯಾರು ಯಾರದೋ ಪದ ಹಾಡಿದರು, ಕಡೆಯ ನುಡಿಯಲ್ಲಿ ಯಾರು ಯಾರದೋ ಹೆಸರು ಬಂತು. ಕಾಕಾರದ್ದೆಂದು ಉಳಿದದ್ದು ಒಂದೇ, ಅದೂ ಮದುವೆಯ ಹಾಡು. ಹೆಣದ ಮುಂದೆ ಅದನ್ನು ಯಾರು ಹಾಡುತ್ತಾರೆ? ಎಲ್ಲರಂತೆ ನಾನೂ ಒಂದು ಹಿಡಿ ಮಣ್ಣು ಹಾಕಿ ಬಂದೆ...

ಅವರು ಒಪ್ಪಿಕೊಂಡರು. ನಾನು ಇನ್ನೂ ಒಪ್ಪಿಲ್ಲ. ಬರೆದವನ ಹೆಸರು ಹೇಳಿದರೆ ಯಾರ ಅತ್ತೆಯೂ ಕಳೆದುಹೋಗುವುದಿಲ್ಲ ಎಂದು ಆ ದಿನವೇ ಅನ್ನಬೇಕಿತ್ತು. ಆದರೂ ಅವರ ಮಾತು ಮೀರುವುದು ಆಗುತ್ತಿಲ್ಲ. ಇಷ್ಟು ಬರೆದೆ, ಇಲ್ಲಿಯೂ ಹೆಸರು ಹಾಕಲು ಕೈ ಬರಲಿಲ್ಲ. ಮದುವೆಗಳಿಗೆ ಈಗಲೂ ರೊಟ್ಟಿ ಹೊತ್ತುಕೊಂಡು ಹೋಗುತ್ತೇನೆ. ಮಗಳನ್ನು ಕಳಿಸುವಾಗ ಆ ಹಾಡು ಏಳುತ್ತದೆ, ನಾನೂ ದನಿಗೂಡಿಸುತ್ತೇನೆ, ಎಲ್ಲರೂ ನಿಲ್ಲಿಸುವಲ್ಲಿ ನಿಲ್ಲಿಸುತ್ತೇನೆ. ಹೆಂಗಸರು ತಂತಮ್ಮ ಅವ್ವಂದಿರನ್ನು, ಅತ್ತೆಯರನ್ನು ನೆನೆದು ಅಳುತ್ತಾರೆ. ನಾನು ಕಾಕಾರನ್ನು ನೆನೆದು ಅಳುತ್ತೇನೆ.