ಮಲ್ಲಣ್ಣ ಬಿಚ್ಚಿಟ್ಟ ಕೀಲಿಗೊಂಚಲು

ಕೋವಿಡ್ ಮುಗಿದು ಮುಂಬಯಿಯ ಲೋಕಲ್‌ಗಳು ಮತ್ತೆ ತುಂಬಿಕೊಂಡ ವರ್ಷ. ಕಾರ್ಖಾನೆಯೊಂದರ ಎಚ್.ಆರ್. ವಿಭಾಗದಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತಳಾಗಿದ್ದ ನನ್ನನ್ನು ಪವಾಯಿಯ ಒಂದು ಸ್ಟಾರ್ಟಪ್ ಸಲಹೆಗಾರಳಾಗಿ ಕರೆಯಿತು. ಹಳೆಯ ಬಿಲ್ಡಿಂಗ್‌ಗಳ ಲಿಫ್ಟ್ ನೋಡಿಕೊಳ್ಳುವುದು ಅದರ ಕೆಲಸ. ಲಿಫ್ಟ್ ಕೆಟ್ಟರೆ ಆ್ಯಪ್ ಮೂಲಕ ಹತ್ತಿರದ ಮೆಕ್ಯಾನಿಕ್‌ಗೆ ಸುದ್ದಿ ಹೋಗಬೇಕು, ಆತ ಓಡಿ ಬರಬೇಕು.

ಕಂಪನಿ ಕಟ್ಟಿದವರು ಇಬ್ಬರು. ಶ್ವೇತಾ ಎಂಜಿನಿಯರ್, ಚೆಂಬೂರಿನಲ್ಲೇ ಹುಟ್ಟಿದವಳು. ಮಲ್ಲಣ್ಣ ವಿಜಯಪುರದ ಕಡೆಯವ, ಇಪ್ಪತ್ತು ವರ್ಷ ಪಳಗಿದ ಲಿಫ್ಟ್ ಮೆಕ್ಯಾನಿಕ್. ತಮ್ಮ ಬಿಲ್ಡಿಂಗಿಗೆ ರಿಪೇರಿಗೆ ಬಂದ ಅವನ ಕೈಚಳಕ ನೋಡಿಯೇ ಅವಳಿಗೆ ಈ ಕಂಪನಿ ಹೊಳೆದದ್ದು. ಅವನನ್ನೇ ಆಪರೇಷನ್ಸ್ ಹೆಡ್ ಮಾಡಿದ್ದಳು.

ಎಡವಟ್ಟಾದದ್ದು ಅಲ್ಲೇ. ಸರ್ವಿಸ್ ದಿನಾ ತಡ. ಸೋಮವಾರದ ಮೀಟಿಂಗಿಗೆ ಮಲ್ಲಣ್ಣನ ಸುಳಿವೇ ಇಲ್ಲ. ಹೌಸಿಂಗ್ ಸೊಸೈಟಿಗಳು ಒಂದೊಂದಾಗಿ ನಮ್ಮನ್ನು ಕೈಬಿಡುತ್ತಿದ್ದವು. "ಆಂಟಿ, ಅವ್ರಿಗೆ ಹೇಗೆ ಹೇಳೋದು, ಐ ಡೋಂಟ್ ನೋ. ಅಣ್ಣ ಇದ್ದ ಹಾಗೆ ಇದ್ದಾರೆ," ಎಂದಳು ಶ್ವೇತಾ. ನಾನೋ ಖಡಕ್ ಹೆಂಗಸು. ಅವನನ್ನು ಕಂಪನಿಯಿಂದ ಹೊರಗೆ ಕಳಿಸುವ ಪತ್ರವನ್ನು ಅಂದೇ ಬರೆದು ಪರ್ಸಿನಲ್ಲಿಟ್ಟುಕೊಂಡೆ.

ಮರುದಿನ ಮಲಾಡಿನ ಒಂದು ಬಿಲ್ಡಿಂಗಿನಲ್ಲಿ ವಯಸ್ಸಾದ ಹೆಂಗಸೊಬ್ಬರು ಲಿಫ್ಟಿನೊಳಗೆ ಸಿಕ್ಕಿಕೊಂಡರು. ನಮ್ಮ ಮೆಕ್ಯಾನಿಕ್ ಗಣೇಶ್ ಹತ್ತೇ ನಿಮಿಷಕ್ಕೆ ತಲುಪಿದ. ಆದರೆ ಟೆರೇಸಿನ ಮೆಷಿನ್ ರೂಮಿಗೆ ಬೀಗ! ಅಲ್ಲಿ ಕೈಯಿಂದ ಚಕ್ರ ತಿರುಗಿಸಿಯೇ ಲಿಫ್ಟ್ ಇಳಿಸಬೇಕು. ಕೀಲಿ ಎಲ್ಲಿ? ಚೆಂಬೂರಿನಲ್ಲಿದ್ದ ಮಲ್ಲಣ್ಣನ ಸೊಂಟದಲ್ಲಿ. ಎಲ್ಲ ಬಿಲ್ಡಿಂಗ್‌ಗಳ ಕೀಲಿಯನ್ನೂ ಪುಣ್ಯಾತ್ಮ ಒಂದೇ ಗೊಂಚಲು ಮಾಡಿ ನೇತುಹಾಕಿಕೊಂಡಿದ್ದ. ಅವನು ಬರುವ ಹೊತ್ತಿಗೆ ಒಂದೂಕಾಲು ಗಂಟೆ ಕಳೆದಿತ್ತು. ಆ ತಾಯಿ ಹೊರಬಂದವರೇ ನೆಲದ ಮೇಲೆ ಕುಸಿದು ನೀರು ಕೇಳಿದರು.

ಸುದ್ದಿ ತಿಳಿದು ಓಡಿ ಬಂದಿದ್ದ ನನಗೆ ಮೈಯೆಲ್ಲ ಉರಿಯಿತು. ಕೆಲಸಗಾರರನ್ನು ಇಟ್ಟುಕೊಂಡು ಬೀಗದ ಮುಂದೆ ಕಾಯಿಸುತ್ತೀಯಾ ಎಂದು ಬಾಯಿಗೆ ಬಂದಂತೆ ಬೈದೆ. ಅವನು ತಲೆತಗ್ಗಿಸಿ ತನಗೆ ಕೆಲಸ ಕಲಿಸಿದ ಉಸ್ತಾದನ ಕಥೆ ಹೇಳಿದ. ಉಸ್ತಾದ್ ಚಕ್ರಕ್ಕೆ ಕೈಹಾಕಿದ್ದಾಗ, ಏನೂ ಅರಿಯದವನೊಬ್ಬ ಮೆಷಿನ್ ರೂಮಿಗೆ ಬಂದು ಸ್ವಿಚ್ ಒತ್ತಿದ್ದನಂತೆ. ಮೂರು ಬೆರಳು ಹೋದವು. ಅಂದಿನಿಂದ ಯಾರ ಕೈಗೂ ಕೀಲಿ ಕೊಡಲು ಮಲ್ಲಣ್ಣನಿಗೆ ಜೀವ ಬರುತ್ತಿರಲಿಲ್ಲ. ನನ್ನ ಸಿಟ್ಟು ಅರ್ಧಕ್ಕೆ ಇಳಿಯಿತು.

"ಗಣೇಶ್‌ಗೆ ಕಲಿಸಿದ್ದೀಯಾ?" ಎಂದು ಕೇಳಿದೆ. ಇಲ್ಲವೆಂದು ತಲೆಯಾಡಿಸಿ ಅವನು ಮೆಟ್ಟಿಲಿಳಿದ.

ಆ ಸೋಮವಾರ ಮಲ್ಲಣ್ಣ ಮೀಟಿಂಗಿಗೆ ಎಲ್ಲರಿಗಿಂತ ಮೊದಲು ಬಂದು ಕೂತಿದ್ದ. ಮೆಕ್ಯಾನಿಕ್‌ಗಳೆಲ್ಲ ಸೇರಿದ ಮೇಲೆ ಗೊಂಚಲು ಬಿಚ್ಚಿ ಶ್ವೇತಾಳ ಮುಂದೆ ಮೇಜಿನ ಮೇಲಿಟ್ಟ.

"ಹೆಡ್ ಕೆಲಸ ನನ್ನ ಕೈಲೆ ಆಗಂಗಿಲ್ಲ, ತಂಗಿ. ಕಲಿಸೋದು ಆಗತೈತಿ. ಅದನ್ನ ಕೊಡು."

ಕುರ್ಚಿಗೆ ಅಂಟಿಕೊಂಡ ಮ್ಯಾನೇಜರುಗಳನ್ನು ಬೇಕಾದಷ್ಟು ಕಂಡಿದ್ದೇನೆ. ತನ್ನ ಕೈಕೆಳಗಿನವರ ಎದುರೇ 'ಆಗಂಗಿಲ್ಲ' ಎಂದವನನ್ನು ಕಂಡಿರಲಿಲ್ಲ. ಶ್ವೇತಾ ಅತ್ತುಬಿಟ್ಟಳು. ನನ್ನ ಕಣ್ಣೂ ಒದ್ದೆಯಾಯಿತು, ಯಾಕೆ ಸುಳ್ಳು ಹೇಳಲಿ. ಪರ್ಸಿನಲ್ಲಿದ್ದ ಪತ್ರ ಹರಿದು ಹಾಕಿದೆ.

ಹೆಡ್ ಕೆಲಸವನ್ನು ಶ್ವೇತಾ ವಹಿಸಿಕೊಂಡಳು. ಮಲ್ಲಣ್ಣ ಮೂರು ತಿಂಗಳು ಒಬ್ಬೊಬ್ಬರನ್ನೂ ಕೈಹಿಡಿದು ಕಲಿಸಿದ. ಮೊದಲು ಮೇನ್ ಸ್ವಿಚ್ ಆಫ್ ಮಾಡಿ ಬೀಗ ಹಾಕು, ಆಮೇಲೆ ಚಕ್ರ ಮುಟ್ಟು. ಪಾಸಾದವರಿಗೆ ತಾನೇ ಕೀಲಿ ಹಂಚಿದ.

ಕಳೆದ ತಿಂಗಳು ಅದೇ ಮಲಾಡಿನ ಬಿಲ್ಡಿಂಗಿನಲ್ಲಿ ಕರೆಂಟ್ ಹೋಗಿ ಮಲ್ಲಣ್ಣನೇ ಲಿಫ್ಟಿನಲ್ಲಿ ಸಿಕ್ಕಿಕೊಂಡ. ಜೇಬಿನಲ್ಲಿ ಫೋನಿತ್ತು. ಗಣೇಶನಿಗೆ ಮಾಡಿ ಹೀಗೆ ತಿರುಗಿಸು, ಹಾಗೆ ಇಳಿಸು ಅನ್ನಬಹುದಿತ್ತು. ಮಾಡಲಿಲ್ಲ. ಎಲ್ಲರಂತೆ ಆ್ಯಪ್ ಒತ್ತಿ ಕಾದ. ಒಳಗಿರುವುದು ಯಾರೆಂದು ತಿಳಿಯದೆಯೇ ಗಣೇಶ್ ಲಿಫ್ಟ್ ಇಳಿಸಿ ಬಾಗಿಲು ತೆರೆದರೆ, ಗುರು ಚಕ್ಕಳಮಕ್ಕಳ ಹಾಕಿ ಕೂತಿದ್ದನಂತೆ.

ಒಂದು ಫೋನ್ ಮಾಡಬಾರದಿತ್ತಾ ಎಂದು ಆಮೇಲೆ ಗದರಿದೆ.

"ಕಲಿಸೀನಲ್ರಿ ಅಕ್ಕಾರ, ಮತ್ಯಾಕ ಅವನಿಗೆ ಕಾಡ್ಲಿ?" ಎಂದ.

ಮೂವತ್ತು ವರ್ಷ ಟ್ರೇನಿಂಗ್ ಕೊಟ್ಟವಳು ನಾನು. ಕಲಿಸಿದ ಮೇಲೆ ಸುಮ್ಮನೆ ಕೂರುವುದನ್ನು ಮಲ್ಲಣ್ಣನಿಂದ ಕಲಿತೆ.